ಇಲವಾಲದ ಅವರೆಕಾಯಿ ಮೂಟೆ

ಚಳಿಗಾಲ ಬಂತೆಂದರೆ ನಮ್ಮ ಮನೆಯಲ್ಲಿ ಯಾರ ಬೆರಳೂ ಅವರವರದಾಗಿ ಉಳಿಯುತ್ತಿರಲಿಲ್ಲ. ಎಲ್ಲವೂ ಅವರೆಕಾಯಿಯ ಪಾಲು. ಸುಲಿದು ಸುಲಿದು ಉಗುರಿನ ಸಂದಿ ಕಂದುಗಟ್ಟಿ, ಹಿತಕಿ ಹಿತಕಿ ಹೆಬ್ಬೆರಳ ತುದಿ ಸುಕ್ಕಾಗಿ, ಉಟ್ಟ ಬಟ್ಟೆಗೂ ಹೊದ್ದ ಕಂಬಳಿಗೂ ಅದರ ಸೊಗಡು ಅಂಟಿಕೊಂಡು, ಸಂಕ್ರಾಂತಿ ಕಳೆಯುವ ತನಕ ಬಿಡುಗಡೆಯಿಲ್ಲ. ಜನ ಅವರೆಯ ಸೊಗಡನ್ನು ಬಾಯಿ ಚಪ್ಪರಿಸಿ ಹೊಗಳುವುದನ್ನು ಕೇಳಿದರೆ ನನಗೆ ಈಗಲೂ ರೇಗುತ್ತದೆ. ತಿನ್ನುವವರಿಗೆ ಅದು ಸೊಗಡು. ಬೆಳಿಗ್ಗೆ ಹುಣಸೂರು ರಸ್ತೆಯ ಮಂಜಿನಲ್ಲಿ ನಿಂತು ಬಸ್ಸು ಹಿಡಿದು, ಕಾನ್ವೆಂಟಿನ ಅಸೆಂಬ್ಲಿಯಲ್ಲಿ ಎರಡೂ ಕೈ ಚಾಚಿ ಉಗುರು ತೋರಿಸಬೇಕಾಗಿದ್ದ ಹುಡುಗಿಗೆ ಅದು ದಿನಾ ತಪ್ಪದ ಅವಮಾನ. ನಮ್ಮ ಸಿಸ್ಟರ್ ಬೈಯುವವರಲ್ಲ. ಮೂಗನ್ನು ಒಂದು ಕೂದಲೆಳೆಯಷ್ಟು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು, ಅಷ್ಟೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಉಮಾ, ಇವತ್ತೂ ಬೀನ್ಸಾ?”

“ಬೀನ್ಸಲ್ಲ ಸಿಸ್ಟರ್, ಅವರೆಕಾಯಿ.”

“ಸೋಪು ಹಾಕಿ ತೊಳಿ ಮಗು.”

ಸೋಪು ಹಾಕಿ ತೊಳೆದರೆ ಅವರೆಯ ವಾಸನೆಯೂ ಹೋಗದೆ, ಸೋಪಿನ ವಾಸನೆಯೂ ನಿಲ್ಲದೆ, ಎರಡೂ ಸೇರಿ ಮೂರನೆಯದೊಂದು ಹುಟ್ಟುತ್ತಿತ್ತು. ಅದನ್ನು ಹೊತ್ತುಕೊಂಡೇ ನಾನು ಆರನೆಯ ಕ್ಲಾಸು ಮುಗಿಸಿದೆ.

ಆಗ ನಮ್ಮ ಹಿನಕಲ್ಲು ಬೇರೆ ಊರೇ ಆಗಿತ್ತು. ಮೈಸೂರು ಇನ್ನೂ ನಮ್ಮ ಕಡೆಗೆ ನಡೆದು ಬಂದಿರಲಿಲ್ಲ. ಬೇಕಾದರೆ ನಾವೇ ಅದರ ಕಡೆಗೆ ಹೋಗಬೇಕಿತ್ತು. ನಮ್ಮದು ಹೆಂಚಿನ ಮನೆ. ಮುಂದೆ ಬೀದಿಗೇ ಉದ್ದವೆನಿಸಿದ ಜಗಲಿ, ಒಳಗೆ ನಡುಮನೆ, ಅಡುಗೆಮನೆ, ಅದರ ಹಿಂದೆ ಬಚ್ಚಲುಮನೆ, ಬಚ್ಚಲುಮನೆ ದಾಟಿದರೆ ಹಿತ್ತಿಲು, ಹಿತ್ತಿಲಲ್ಲಿ ಒಂದು ಹಸು. ಧನುರ್ಮಾಸದಲ್ಲಿ ಆ ಇಡೀ ಮನೆಗೆ ಬೆಚ್ಚಗಿನ ಜಾಗವೆಂದರೆ ಒಂದೇ, ಬಚ್ಚಲೊಲೆಯ ಮುಂದಿನ ಎರಡಡಿ ನೆಲ. ಗಟ್ಟಿಯಾಗಿ ಹೋದ ಕೊಬ್ಬರಿ ಎಣ್ಣೆಯ ಸೀಸೆಗೂ ಅದೇ ಬೇಕು, ಒಣಗದ ನನ್ನ ಯೂನಿಫಾರಂ ಸಾಕ್ಸಿಗೂ ಅದೇ ಬೇಕು, ಅಪ್ಪನಿಗೂ ಅದೇ ಬೇಕು. ಗೆಲ್ಲುತ್ತಿದ್ದದ್ದು ಅಪ್ಪ. ಮಂಕಿ ಕ್ಯಾಪು ಹಾಕಿ, ಅದರ ಮೇಲೊಂದು ಮಫ್ಲರು ಸುತ್ತಿ, ತೊಡೆಯ ಮೇಲೆ ರಟ್ಟಿನ ಪ್ಯಾಡು ಇಟ್ಟುಕೊಂಡು ಒಲೆಗೆ ಅಡ್ಡವಾಗಿ ಕೂತುಬಿಟ್ಟರೆ ಬಿಸಿನೀರು ತೋಡಿಕೊಳ್ಳಲು ಬಂದವರು ಅವರನ್ನು ಬಳಸಿಕೊಂಡು ಹೋಗಬೇಕು.

“ರೀ, ಏಳಿ. ಹಂಡೆಗೆ ನೀರು ಹಾಕ್ಬೇಕು.”

“ಒಂದ್ನಿಮಿಷ ಕಣೆ, ವಾಕ್ಯ ಮುಗೀಲಿ.”

“ನಿಮ್ಮ ವಾಕ್ಯ ಮುಗಿಯೋ ಹೊತ್ಗೆ ಒಲೆ ಆರಿಹೋಗಿರುತ್ತೆ.”

ಅಪ್ಪ ನಗರದ ಒಂದು ಸರ್ಕಾರಿ ಕಛೇರಿಯ ರೆಕಾರ್ಡ್ ರೂಮಿನಲ್ಲಿದ್ದರು. ಹಗಲೆಲ್ಲ ಹಳೆಯ ಕಡತಗಳ ಧೂಳು ಕುಡಿದು ಬಂದ ಮನುಷ್ಯ ಸಂಜೆ ಸುಮ್ಮನೆ ಕಾಫಿ ಕುಡಿದು ಕೂರಬಾರದೆ? ಇಲ್ಲ. ವಾರಕ್ಕೊಮ್ಮೆ ಬರುವ ನಾಲ್ಕು ಪುಟದ ಒಂದು ಪತ್ರಿಕೆಗೆ ‘ನಮ್ಮ ಬೀದಿಯ ಚರಿತ್ರೆ’ ಎಂದು ಅರ್ಧ ಕಾಲಮ್ಮು ಬರೆಯುತ್ತಿದ್ದರು. ಅದಕ್ಕೆ ಸಂಭಾವನೆಯೆಂದರೆ ಆ ವಾರದ ಐದು ಪ್ರತಿ. “ಅರಮನೆ ಚರಿತ್ರೆ ಬರೆಯೋಕೆ ಅರ್ಧ ಮೈಸೂರೇ ಇದೆ. ನಮ್ಮ ಜಗಲಿ ಚರಿತ್ರೆ ಬರೆಯೋರು ಯಾರು?” ಎಂದು ಮನೆಗೆ ಬಂದವರನ್ನೆಲ್ಲ ಕೇಳುತ್ತಿದ್ದರು. ಬರೆಯಬೇಕೆಂದು ಯಾರೂ ಅವರ ಕಾಲು ಹಿಡಿದಿರಲಿಲ್ಲ. ಬಾವಿಕಟ್ಟೆ ಒಂದು ಕಡೆಗೆ ವಾಲಿದ್ದು ಯಾವಾಗ, ಬೀದಿಗೆ ಮೊದಲು ಸೈಕಲ್ಲು ತಂದವರು ಯಾರು, ಮೊದಲ ದೀಪದ ಕಂಬ ಯಾರ ಮನೆಯ ಮುಂದೆ ಬರಬೇಕೆಂದು ಎಷ್ಟು ದಿನ ಜಗಳವಾಯಿತು, ಇವೇ ಅವರ ವಿಷಯಗಳು. ಯಾರು ಏನು ಹೇಳಿದರೂ “ಇದರ ಮೂಲ ಏನು?” ಎನ್ನುತ್ತಿದ್ದರು. ಸಾರು ಚೆನ್ನಾಗಿದೆಯೇ ಎಂದು ಅಮ್ಮ ಕೇಳಿದರೆ ಆ ಸಾರನ್ನು ಅವಳಿಗೆ ಕಲಿಸಿದವರು ಯಾರು ಎಂದು ಕೇಳುತ್ತಿದ್ದರು. ಅವರ ಕೈಬರಹವೋ, ಪತ್ರಿಕೆಯವರೇ ಓದಲಾರದೆ ಎರಡು ಸಲ ವಾಪಸು ಕಳಿಸಿದ್ದರು. ಹಾಗಾಗಿ ಅಚ್ಚುಕಟ್ಟಾಗಿ ನಕಲು ಮಾಡಿ ಕೊಡುವ ಕೆಲಸ ಕಾನ್ವೆಂಟಿನಲ್ಲಿ ದುಂಡಗೆ ಬರೆಯಲು ಕಲಿತ ನನ್ನದಾಯಿತು.

ಇನ್ನು ಆ ಮೂಟೆ. ಇಬ್ಬನಿ ದಟ್ಟವಾಗತೊಡಗಿದ ಮೇಲೆ ಒಂದು ದಿನ ಇಲವಾಲದ ಕಡೆಯ ಬಸ್ಸಿನ ಮೇಲಿಂದ ಒಂದು ಮೂಟೆ ಅವರೆಕಾಯಿ ಇಳಿಯುತ್ತಿತ್ತು. ಅದು ಪಕ್ಕದ ಮನೆಯ ನಂಜಮ್ಮಜ್ಜಿಗೆ ತವರಿನಿಂದ ಬರುತ್ತಿದ್ದದ್ದು. ಅಣ್ಣ ಇದ್ದಾಗ ಅಣ್ಣ ಕಳಿಸುತ್ತಿದ್ದ. ಅವನು ಹೋದ ಮೇಲೆ ಅಣ್ಣನ ಮಗ. ಒಂದೇ ಮನೆಗೆ ಅಷ್ಟು ಕಾಯಿ ಏನು ಮಾಡುವುದು? ಅಜ್ಜಿ ಅದನ್ನು ನಮ್ಮ ಜಗಲಿಯ ಮೇಲೆ ಸುರಿಸುತ್ತಿದ್ದರು. ಐದಾರು ಮನೆಯ ಹೆಂಗಸರು ಸೇರಿ ಒಂದು ದಿನ ಸುಲಿಯುವುದು, ಕಾಳನ್ನು ಕೊಳಗಕ್ಕೆ ಹಾಕಿ ನೆನೆಸುವುದು, ಮಾರನೆಯ ದಿನ ಊಟವಾದ ಮೇಲೆ ಕೂತು ಹಿತಕುವುದು. ಆ ಮೂಟೆ ಮುಗಿಯುವ ಹೊತ್ತಿಗೆ ನಾಚಿಕೆಗೆ ಬಿದ್ದ ಇನ್ನೊಂದು ಮನೆಯವರು ಇನ್ನೊಂದು ಮೂಟೆ ತರಿಸಿರುತ್ತಿದ್ದರು. ನೆನೆದ ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಬೋಗುಣಿಗೆ ಬೀಳಬೇಕು. ನಾನು ಒತ್ತಿದರೆ ಬೀದಿಗೆ ಬೀಳುತ್ತಿತ್ತು. ನಂಜಮ್ಮಜ್ಜಿಗೆ ಜಗಲಿಯ ಮೂಲೆಯಲ್ಲಿ ಕಂಬಕ್ಕೊರಗಿ ಕೂರುವ ಜಾಗ. ಕೂರಲು ತಮ್ಮ ಮನೆಯಿಂದ ತಂದ ಹಲಸಿನ ಮರದ ಮಣೆ. ಚಳಿಗಾಲ ಪೂರ್ತಿ ಅದು ನಮ್ಮ ಮನೆಯಲ್ಲೇ ಇರುತ್ತಿತ್ತು. ಹಣೆಯ ತುಂಬ ವಿಭೂತಿ, ಬಾಯಲ್ಲಿ ಏಳೋ ಎಂಟೋ ಹಲ್ಲು, ಬೆರಳು ಮಾತ್ರ ಮಿಂಚು. ಅಮ್ಮ ಮದುವೆಯಾಗಿ ಬಂದಾಗ ಅವಳಿಗೆ ಅತ್ತೆಯಿರಲಿಲ್ಲ. ಒಲೆ ಹಚ್ಚುವುದರಿಂದ ಹಿಡಿದು ನನ್ನನ್ನು ಹೆರುವ ತನಕ ಎಲ್ಲಕ್ಕೂ ಜೊತೆಗಿದ್ದವರು ಇದೇ ಅಜ್ಜಿ. ಅಮ್ಮನಿಗೆ ಈ ಊರಿನಲ್ಲಿ ತನ್ನವರೆಂದು ಇದ್ದವರೂ ಅವರೊಬ್ಬರೇ.

ಹಿತಕುವಾಗ ಹೆಂಗಸರು ಏನು ಬೇಕಾದರೂ ಮಾತಾಡಬಹುದಿತ್ತು. ಗಂಡನ ಸಿಟ್ಟು, ಸೊಸೆಯ ಸೋಮಾರಿತನ, ಯಾರ ಮನೆಗೆ ಯಾರು ಯಾಕೆ ಹೋಗುವುದಿಲ್ಲ, ಎಲ್ಲ. ಆದರೆ ಕೊನೆಯಲ್ಲಿ ಸಿಪ್ಪೆಯನ್ನು ಬುಟ್ಟಿಗೆ ತುಂಬುವಾಗ ಒಬ್ಬರಲ್ಲ ಒಬ್ಬರು “ಸಿಪ್ಪೆ ಹಸೀಗೆ, ಮಾತೂ ಹಸೀಗೆ” ಎನ್ನಲೇಬೇಕು. ಎಂದರೆ ಇಲ್ಲಿ ಆಡಿದ್ದು ಇಲ್ಲಿಗೇ ಮುಗಿಯಿತು, ಹಸು ತಿಂದುಕೊಂಡು ಹೋಯಿತು ಎಂದು. ಆ ಬುಟ್ಟಿಯನ್ನು ಹೊತ್ತು ಹಿತ್ತಿಲ ಹಸುವಿಗೆ ಹಾಕಿ ಬರುವವಳು ನಾನು. ಜಗಲಿಯಿಂದ ಹಿತ್ತಿಲಿಗೆ ಇರುವ ದಾರಿ ಬಚ್ಚಲುಮನೆಯ ಮೂಲಕ. ಬಚ್ಚಲುಮನೆಯಲ್ಲಿ ಅಪ್ಪ.

ಅದೊಂದು ಭಾನುವಾರದ ಮಧ್ಯಾಹ್ನ. ಎದುರು ಮನೆಯ ರತ್ನಕ್ಕ, ಯಾರನ್ನೂ ಚುಚ್ಚದೆ ಒಂದು ಕಾಳನ್ನೂ ಹಿತಕಲಾರದ ಹೆಂಗಸು, ಬೋಗುಣಿ ಕುಲುಕುತ್ತ ಶುರು ಮಾಡಿದಳು.

“ನಮ್ಮ ತವರಿಂದ ಒಂದು ಬೆಂಡೇಕಾಯಿನೂ ಬರಾಕಿಲ್ಲ ಕಣ್ರೀ. ಅಜ್ಜಿ ಅದೃಷ್ಟ ನೋಡಿ. ಮೂಟೆಗಟ್ಲೆ ಪ್ರೀತಿ!”

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಕೈ ಮಾತ್ರ ತನ್ನಷ್ಟಕ್ಕೆ ಹಿತಕುತ್ತಿತ್ತು.

“ಪ್ರೀತಿನಾ?” ಅಂದರು. “ನಾನು ಈ ಊರಿಗೆ ಬಂದ ಮೊದಲ್ನೇ ಚಳಿ ಕಣ್ರೇ. ಕತ್ಲಲ್ಲೇ ಎದ್ದು ನೀರು ಸೇದಿ ಸೇದಿ ಕೈ ಸೆಟೆದೋಗೋದು. ಎಲ್ಲಾರ್ದೂ ನೀರಾಕಂಡು ಆಗೋಗಂಟ ಬಚ್ಚಲೊಲೆ ಮುಂದೆ ಕೂರಂಗಿಲ್ಲ ಅಂತ ನಮ್ಮತ್ತೆ. ಒಂದಿನ ಕೊಡ ಬಾವಿಕಟ್ಟೆ ಮೇಲೇ ಮಡಗಿ ನಡೆದ್ಬುಟ್ಟೆ. ಮಂಜು ಅಂದ್ರೆ ಮುಂದೆ ಓಗೋ ಎತ್ತು ಕಾಣಾಕಿಲ್ಲ. ಇಲವಾಲಕ್ಕೆ ಓಗಿ ನಿಂತ್ರೆ, ನಮ್ಮಣ್ಣ ಜಗಲಿ ಮೇಲೆ ಕೂತವ್ನೆ. ‘ಮನೇಲಿ ಯೋಳಿ ಬಂದ್ಯಾ?’ ಅಂದ. ಇಲ್ಲ ಅಂದೆ. ಒಳೀಕೆ ಬಾ ಅನ್ನಲಿಲ್ಲ. ಎದ್ದೋಗಿ ಒಂದು ಮೂಟೆ ಅವರೆಕಾಯಿ ತುಂಬ್ಕಂಡ್ ಬಂದ. ಮೈಸೂರ ಕಡೀಗೆ ಒಂಟಿದ್ದ ಗಾಡಿ ನಿಲ್ಸಿ ಮೂಟೇನೂ ಅತ್ತಿಸ್ದ, ನನ್ನೂ ಅತ್ತಿಸ್ದ. ‘ಅವರೆಕಾಯಿ ತರಾಕೆ ಓಗಿದ್ದೆ ಅನ್ನು’ ಅಂದ. ಅಷ್ಟೇಯ.”

“ಆಮೇಲೆ?” ಎಂದಳು ಅಮ್ಮ.

“ಆಮೇಲೇನು. ನಮ್ಮತ್ತೆಗೆ ಕುಸಿಯೋ ಕುಸಿ, ಸೊಸೆ ತವರಿಂದ ಮೂಟೆ ತಂದ್ಳು ಅಂತ. ಮಾರನೇ ವರ್ಸಾನೂ ಬಂತು. ಅದರ ಮಾರನೇ ವರ್ಸಾನೂ ಬಂತು. ನಾನು ಓಗೋ ಮುಂಚೇನೇ ಮೂಟೆ ಬಂದ್ಬುಡೋದು. ಅದು ಪ್ರೀತಿಗಲ್ಲ ಕಣ್ರೇ. ಅಲ್ಲೇ ಇರು, ಇತ್ತಾಗಿ ಬರಬ್ಯಾಡ ಅಂತ.”

ಬೇಳೆ ಬೋಗುಣಿಗೆ ಬೀಳುವ ಟಪ್ ಟಪ್ ಒಂದೇ. ಅಮ್ಮ ತಾನೇ ಸಿಪ್ಪೆಯನ್ನು ಬುಟ್ಟಿಗೆ ಬಾಚಿ, ಮೆಲ್ಲಗೆ, “ಸಿಪ್ಪೆ ಹಸೀಗೆ, ಮಾತೂ ಹಸೀಗೆ” ಎಂದು ನನ್ನ ಕೈಗೆ ಕೊಟ್ಟಳು.

ನಾನು ಬುಟ್ಟಿ ಹೊತ್ತು ಬಚ್ಚಲುಮನೆಗೆ ಬಂದರೆ ಅಪ್ಪ ಎಂದಿನಂತೆ “ಏನಂತೆ ಇವತ್ತು?” ಎಂದರು. ಎಂದಿನಂತೆ ನಾನು “ಏನಿಲ್ಲ” ಎಂದು ಹೋಗಬಹುದಿತ್ತು. ಹೇಳಬಾರದೆಂದು ಗೊತ್ತಿತ್ತು. ಆದರೆ ಅಪ್ಪನಿಗೆ ಅವತ್ತು ಯಾವ ಜ್ಞಾನೋದಯವಾಗಿತ್ತೋ, ಒಂದು ಗೇಣು ಪಕ್ಕಕ್ಕೆ ಸರಿದು ಒಲೆಯ ಮುಂದೆ ಜಾಗ ಬಿಟ್ಟರು. ನನ್ನ ಕೈ ನೀರಲ್ಲಿ ನೆನೆದು ಕೊರಡಾಗಿತ್ತು. ಬುಟ್ಟಿ ಕೆಳಗಿಟ್ಟು ಕೂತೆ. ಬೆಂಕಿಗೆ ಕೈ ಚಾಚಿ ಎಲ್ಲವನ್ನೂ ಹೇಳಿದೆ. ಹಸುವಿಗೆ ಸಿಪ್ಪೆ ಸಿಕ್ಕಿದ್ದು ಅದಾದ ಎಷ್ಟೋ ಹೊತ್ತಿನ ಮೇಲೆ.

ಅಪ್ಪನಿಗೆ ಸಿಕ್ಕಿದ್ದು ಮೂಲ. ನಮ್ಮ ಬೀದಿಯಲ್ಲಿ ಅವರೆ ಹಿತಕುವ ಪದ್ಧತಿ ಎಲ್ಲಿಂದ ಬಂತು ಎಂಬುದಕ್ಕೆ ಸಾಕ್ಷಾತ್ ಮೂಲ. ಎರಡು ದಿನದಲ್ಲಿ ಬರೆದು ಮುಗಿಸಿ ನಕಲು ಮಾಡಲು ಕೊಟ್ಟರು. ಅವರದು ಕಡತದ ಭಾಷೆ. “ಸದರಿ ಸೊಸೆಯು ಚಳಿಯ ಬಾಧೆಯನ್ನು ತಾಳಲಾರದೆ ಮಂಜಿನಲ್ಲಿ ತವರಿಗೆ ನಡೆದುಹೋಗಲಾಗಿ, ಸಹೋದರನು ಅವರೆಕಾಯಿ ಮೂಟೆಯೊಂದಿಗೆ ಆಕೆಯನ್ನು ಹಿಂದಕ್ಕೆ ಕಳುಹಿಸಿದನು.” ಓದಿ ನನಗೆ ತಡೆಯಲಾಗಲಿಲ್ಲ. ಕತೆ ಹೃದಯವನ್ನು ಮುಟ್ಟಬೇಕೆಂದು ಸಿಸ್ಟರ್ ಕಾಂಪೊಸಿಷನ್ ಕ್ಲಾಸಿನಲ್ಲಿ ಸಾವಿರ ಸಲ ಹೇಳಿದ್ದರು. ಇದು ಎಲ್ಲಿ ಮುಟ್ಟುತ್ತದೆ? ನಾನು ಆ ವಾಕ್ಯದ ಮುಂದೆ ನನ್ನ ದುಂಡನೆಯ ಅಕ್ಷರದಲ್ಲಿ ಎರಡು ವಾಕ್ಯ ಸೇರಿಸಿದೆ. “ಗಾಡಿ ಮಂಜಿನಲ್ಲಿ ಮರೆಯಾಗುವ ತನಕ ಅಣ್ಣ ದಾರಿಯಲ್ಲೇ ನಿಂತಿದ್ದ. ಅವನ ಕಣ್ಣು ತುಂಬಿ ಬಂದಿತ್ತು.” ಅಪ್ಪ ನಕಲನ್ನು ಓದದೆಯೇ ಲಕೋಟೆಗೆ ಹಾಕಿದರು. ಪತ್ರಿಕೆ ಬಂದ ದಿನ ಕಾಲು ಆಡಿಸುತ್ತ ಓದಿಕೊಂಡು, ಆ ಜಾಗಕ್ಕೆ ಬಂದಾಗ ನಿಂತು, ಕನ್ನಡಕ ಸರಿಮಾಡಿಕೊಂಡು, “ಎಂಥ ಸಾಲು ಬರೆದಿದ್ದೀನಿ ನೋಡೇ!” ಎಂದರು.

ಅಷ್ಟಕ್ಕೇ ನಿಲ್ಲಿಸಿದ್ದರೂ ಊರಿಗೆ ಗೊತ್ತಾಗುತ್ತಿರಲಿಲ್ಲ. ಆ ಪತ್ರಿಕೆಯನ್ನು ನಮ್ಮ ಬೀದಿಯಲ್ಲಿ ಕಾಸು ಕೊಟ್ಟು ತರಿಸುವವರೇ ಇರಲಿಲ್ಲ. ಆದರೆ ಅಪ್ಪ ತಮಗೆ ಬಂದ ಐದರಲ್ಲಿ ನಾಲ್ಕನ್ನು ಕೈಯಾರೆ ಹಂಚಿಬಂದರು. ಒಂದನ್ನು ರತ್ನಕ್ಕನ ಮನೆಗೆ ಕೊಟ್ಟರು. ಇನ್ನೊಂದನ್ನು, ಗೌರವ ಸಲ್ಲಿಸುತ್ತಿದ್ದೇನೆಂಬ ಸಂತೋಷದಲ್ಲಿ, ನಂಜಮ್ಮಜ್ಜಿಯ ಮಗನ ಕೈಗೇ ಕೊಟ್ಟರು. ಸಂಜೆಯೊಳಗೆ ಕಾಫಿ ಹೋಟಲಿನಲ್ಲಿ ಯಾರೋ ಆ ಸಾಧು ಮನುಷ್ಯನಿಗೆ, “ಏನಣ್ಣಾ, ನಿಮ್ಮವ್ವ ಓಡೋಗಿದ್ರಂತೆ?” ಎಂದಿದ್ದರು. ಅರ್ಧ ಕುಡಿದ ಲೋಟ ಅಲ್ಲೇ ಇಟ್ಟು ಅವರು ಎದ್ದು ಬಂದರಂತೆ.

ಅಮ್ಮ ಅವತ್ತು ಅಪ್ಪನ ಮುಂದೆ ನಿಂತದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಕೈಯಲ್ಲಿ ಸಾರಿನ ಸೌಟಿತ್ತು. ಅದರಿಂದ ತೊಟ್ಟು ತೊಟ್ಟಾಗಿ ಸಾರು ನೆಲಕ್ಕೆ ಬೀಳುತ್ತಿತ್ತು. ನೆಲಕ್ಕೆ ಒಂದು ಹನಿ ಬಿದ್ದರೂ ಬಟ್ಟೆ ತರುವ ಹೆಂಗಸು ಅದನ್ನು ನೋಡಲೇ ಇಲ್ಲ.

“ಹೆಸರೆಲ್ಲಿ ಹಾಕಿದ್ದೀನಿ ಕಣೆ? ‘ಹಿರಿಯರೊಬ್ಬರು’ ಅಂದಿದ್ದೀನಿ.”

“ಇಲವಾಲದಿಂದ ಮೂಟೆ ಬರೋದು ಈ ಬೀದೀಲಿ ಎಷ್ಟು ಮನೇಗ್ರೀ?”

“ಒಂದೇ ಮನೇಗೆ.”

“ಮತ್ತೆ?”

“ಚರಿತ್ರೆ ಅಂದ್ಮೇಲೆ ನಿಜ ಹೇಳ್ಬೇಕಲ್ವಾ...”

“ನಿಜ ಅಂತೆ, ನಿಜ. ಬಚ್ಚಲೊಲೆ ಮುಂದಿನಿಂದ ಒಂದು ದಿನ ಎದ್ದು ಆಚೆ ಬಂದಿದ್ದೀರಾ, ನಿಜ ಹುಡುಕೋಕೆ?”

ಮಾರನೆಯ ಬೆಳಿಗ್ಗೆ ಅಜ್ಜಿಯ ಸೊಸೆ ಶಿವಮ್ಮ ಬಂದು ಬಾಗಿಲಲ್ಲೇ ನಿಂತಳು. ಒಳಗೆ ಬಾ ಎಂದರೆ ಬರಲಿಲ್ಲ. “ಅತ್ತೆ ಮಣೆ ತಗಂಡ್ ಬಾ ಅಂದವ್ರೆ” ಎಂದಳು. ಅಮ್ಮ ಮೂಲೆಯಲ್ಲಿ ಗೋಡೆಗೊರಗಿಸಿದ್ದ ಮಣೆಯನ್ನು ತಂದು, ಸೆರಗಿನಿಂದ ಎರಡು ಸಲ ಒರೆಸಿ, ಕೊಟ್ಟಳು. ಮಣೆಯಿದ್ದ ಜಾಗದಲ್ಲಿ ಗೋಡೆಯ ಸುಣ್ಣ ಬೆಳ್ಳಗೆ ಚೌಕಾಕಾರವಾಗಿ ಉಳಿದುಕೊಂಡಿತ್ತು. ಆ ಚಳಿಗಾಲದಲ್ಲಿ ನಾನು ಅದನ್ನು ನೋಡಿದಷ್ಟು ಬೇರೆ ಯಾವುದನ್ನೂ ನೋಡಿಲ್ಲ.

ಹಿಂದಿನ ಸಂಜೆಯೇ ಅಮ್ಮ ದೊಡ್ಡ ಕೊಳಗದ ತುಂಬ ಕಾಳು ನೆನೆಹಾಕಿದ್ದಳು. ಮಧ್ಯಾಹ್ನ ಯಾರೂ ಬರಲಿಲ್ಲ. ರತ್ನಕ್ಕ ತನ್ನ ಬಾಗಿಲಲ್ಲಿ ನಿಂತು ನಮ್ಮ ಜಗಲಿಯನ್ನೊಮ್ಮೆ ನೋಡಿ, ಕೇಳಿಸುವಂತೆ “ಅಲ್ಲಿ ಕೂತ್ಕಂಡು ಮಾತಾಡಿದ್ರೆ ನಾಳೆ ಪೇಪರ್‍ನಾಗೆ ಬರ್ತದೆ ಕಣಮ್ಮ” ಎಂದು ಯಾರಿಗೋ ಹೇಳಿ ಒಳಗೆ ಹೋದಳು. ಅಮ್ಮ ಬಚ್ಚಲುಮನೆಗೆ ಹೋಗಿ, ಅಪ್ಪನ ತೊಡೆಯ ಮೇಲಿನ ಪ್ಯಾಡನ್ನು ಎತ್ತಿ ಆ ಜಾಗಕ್ಕೆ ಕಾಳಿನ ಬೋಗುಣಿ ಇಟ್ಟಳು.

“ಇದೇನೇ?”

“ನಿಮ್ಮ ಚರಿತ್ರೆ. ನೀವೇ ಹಿತಕಿ.”

ಅಪ್ಪ ಹಿತಕಿದರು. ಹತ್ತರಲ್ಲಿ ಎರಡು ಬೋಗುಣಿಗೆ, ಉಳಿದವು ಒಲೆಗೆ, ಹಂಡೆಗೆ, ಒಂದು ಅವರ ಮಂಕಿ ಕ್ಯಾಪಿನೊಳಕ್ಕೆ. ಬೇರೆ ದಿನವಾಗಿದ್ದರೆ ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಸ್ವಲ್ಪ ಹೊತ್ತಿನ ಮೇಲೆ ಅವರೇ, “ಬೇಕಾದ್ರೆ ಮುಂದಿನ ವಾರ ತಿದ್ದುಪಡಿ ಹಾಕಿಸ್ತೀನಿ” ಎಂದರು.

“ಏನಂತ? ಅವರು ಓಡಿಹೋಗ್ಲಿಲ್ಲ, ನಡ್ಕೊಂಡು ಹೋದ್ರು ಅಂತಲಾ?” ಎಂದಳು ಅಮ್ಮ.

ನನ್ನನ್ನು ಅವಳು ಬೈಯಲಿಲ್ಲ. ಸಿಪ್ಪೆಯ ಬುಟ್ಟಿಯನ್ನು ನನ್ನ ಕೈಗೆ ಕೊಡುವುದನ್ನು ನಿಲ್ಲಿಸಿದಳು. ತಾನೇ ಹೊತ್ತು ಹಿತ್ತಿಲಿಗೆ ಹೋಗುತ್ತಿದ್ದಳು. ಸಿಸ್ಟರ್ ಮೂಗು ಹಿಂದಕ್ಕೆ ತೆಗೆದುಕೊಳ್ಳುವುದು ಇದರ ಮುಂದೆ ಏನೂ ಅಲ್ಲ ಎಂದು ನನಗೆ ಗೊತ್ತಾಯಿತು.

ಹೀಗೆ ಮೂರು ವಾರ. ಆ ಮೂರು ವಾರವೂ ನಮ್ಮ ಮನೆಯಲ್ಲಿ ಅವರೆಕಾಳಿನದೇ ಅಡುಗೆ, ಮೂಟೆಯಲ್ಲಿ ಉಳಿದದ್ದು ಮುಗಿಯಬೇಕಲ್ಲ. ಅವರೆಕಾಳು ಉಪ್ಪಿಟ್ಟು, ಅವರೆಕಾಳು ರೊಟ್ಟಿ, ಹಿತಕಿದ ಬೇಳೆ ಸಾರು, ಮತ್ತೆ ಉಪ್ಪಿಟ್ಟು. ಸಂಕ್ರಾಂತಿಯ ಹಿಂದಿನ ದಿನ ಅಮ್ಮ ಕೊಬ್ಬರಿ ಹೆಚ್ಚುತ್ತ, ತಲೆ ಎತ್ತದೆ ಹೇಳಿದಳು.

“ನಾಳೆ ಎಳ್ಳು ಬೀರೋಕೆ ಮೊದಲು ಅಜ್ಜಿ ಮನೇಗೇ ಹೋಗ್ಬೇಕು. ನೀನೇ. ಒಬ್ಳೇ.”

“ತಗೊಳ್ದಿದ್ರೆ?”

“ಹಬ್ಬದ ಎಳ್ಳು ಬೇಡ ಅಂದ್ರೆ ಇನ್ನು ಈ ಜನ್ಮಕ್ಕೆ ಬೇಡ ಅಂತ. ಆಮೇಲೆ ನಾನು ಯಾರ ಹತ್ರ ಹೋಗ್ಲಿ, ಹೇಳು?” ಚಾಕು ಕೊಬ್ಬರಿಯ ಮೇಲೆ ನಿಂತಿತ್ತು. ಅಮ್ಮ ಅಳುತ್ತಿರಲಿಲ್ಲ. ಅಳದೆ ಇರುವುದಕ್ಕೆ ಎಷ್ಟು ಕಷ್ಟಪಡುತ್ತಿದ್ದಾಳೆಂದು ಅವಳ ಬೆರಳಲ್ಲಿ ಕಾಣುತ್ತಿತ್ತು.

ಸಂಜೆ ಬಿಸಿಲು ಇಳಿಯುತ್ತಿದ್ದಾಗ ರೇಷ್ಮೆ ಲಂಗ ಉಟ್ಟು, ತಟ್ಟೆಯಲ್ಲಿ ಎಳ್ಳು ಬೆಲ್ಲದ ಪೊಟ್ಟಣ, ಸಕ್ಕರೆ ಅಚ್ಚಿನ ಒಂದು ಗಿಳಿ, ಕಬ್ಬಿನ ತುಂಡು, ಬಾಳೆಹಣ್ಣು ಇಟ್ಟುಕೊಂಡು ಹೋದೆ. ಪಕ್ಕದ ಮನೆಗೆ ಹತ್ತು ಹೆಜ್ಜೆ. ಬೀದಿಯಲ್ಲಿ ಯಾರ ಯಾರ ಬಾಗಿಲಲ್ಲಿ ಯಾರು ಯಾರು ನಿಂತು ನೋಡುತ್ತಿದ್ದರೆಂದು ನನಗೆ ತಿರುಗಿ ನೋಡದೆಯೇ ಗೊತ್ತಿತ್ತು. ಅಜ್ಜಿ ಹಿತ್ತಿಲಲ್ಲಿ, ಕೊನೆಯ ಬಿಸಿಲಿಗೆ ಬೆನ್ನು ಕೊಟ್ಟು, ಆ ಮಣೆಯ ಮೇಲೆಯೇ ಕೂತಿದ್ದರು.

“ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅಜ್ಜಿ” ಎಂದೆ. ಹಬ್ಬಕ್ಕೆ ಎಲ್ಲರೂ ಎಲ್ಲರಿಗೂ ಹೇಳುವ ಮಾತು. ನನ್ನ ಬಾಯಿಂದ ಬಂದಾಗ ಅದು ಎಷ್ಟು ಅಧಿಕಪ್ರಸಂಗದ ಮಾತಾಗಿ ಕೇಳಿತೆಂದರೆ ನನಗೇ ಕಿವಿ ಬಿಸಿಯಾಯಿತು.

“ಅಲ್ಲಿ ಮಡಗು” ಎಂದರು, ಹಿತ್ತಿಲ ಬಾವಿಕಟ್ಟೆಯ ಕಡೆ ಕೈ ತೋರಿಸಿ. ತಟ್ಟೆಯನ್ನು ಮುಟ್ಟಲಿಲ್ಲ. ನಾನು ಇಟ್ಟು ನಿಂತೆ. ಹೋಗು ಎನ್ನಲಿಲ್ಲ, ಕೂರು ಎನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ನಡುಮನೆ ಗೂಡ್ನಾಗೆ ಪೇಪರ್ ಐತೆ, ತತ್ತಾ” ಎಂದರು.

ಹೋಗಿ ತಂದೆ. ಎಣ್ಣೆಯ ಕಲೆಯಾಗಿ, ನಾಲ್ಕು ಮಡಿಕೆಯಾಗಿದ್ದ ಅದೇ ಪತ್ರಿಕೆ.

“ಓದು.”

“ಅಜ್ಜಿ, ತಪ್ಪಾಯ್ತು, ನಾನೇ ಅಪ್ಪಂಗೆ...”

“ಅದು ಗೊತ್ತು ಬುಡು. ಬುಟ್ಟಿ ಒತ್ತವಳು ನೀನಲ್ವಾ. ನನ್ ಕತೆ ಊರೋರೆಲ್ಲಾ ಓದವ್ರೆ. ನನಗೆ ಅಕ್ಸರ ಬರಾಕಿಲ್ಲ. ಮನೆಯೋರ್ನ ಕೇಳಿದ್ರೆ ಮೊಕ ತಿರುಗಿಸ್ತಾರೆ. ನಾನೊಬ್ಳೇ ಕೇಳಿಲ್ಲ. ಓದು.”

ಓದಿದೆ. ಸದರಿ ಸೊಸೆಯು ಎಂದೆ, ಚಳಿಯ ಬಾಧೆ ಎಂದೆ. ಅಜ್ಜಿ ನೆಲ ನೋಡುತ್ತ ತಲೆಯಾಡಿಸುತ್ತಿದ್ದರು. ಬೇರೆ ಯಾರದೋ ಸುದ್ದಿ ಕೇಳುತ್ತಿದ್ದ ಹಾಗೆ. ಹಿಂದಕ್ಕೆ ಕಳುಹಿಸಿದನು ಎಂಬಲ್ಲಿಗೆ ಬಂದೆ. ಮುಂದಿನ ಎರಡು ವಾಕ್ಯವನ್ನು ಹಾರಿಸಿಬಿಟ್ಟರೆ ಅವರಿಗೆ ಗೊತ್ತಾಗುತ್ತಿರಲಿಲ್ಲ. ಹಾರಿಸಿ ಬಿಡೋಣವೆಂದೇ ಇದ್ದೆ. ಬೆರಳು ಸಾಲಿನ ಕೆಳಗೆ ನಿಂತುಬಿಟ್ಟಿತು. 

“ಯಾಕ್ ನಿಲ್ಸ್ದೆ?”

ಉಸಿರು ಹಿಡಿದು ಒಂದೇ ಓಟಕ್ಕೆ ಓದಿದೆ. “ಗಾಡಿ ಮಂಜಿನಲ್ಲಿ ಮರೆಯಾಗುವ ತನಕ ಅಣ್ಣ ದಾರಿಯಲ್ಲೇ ನಿಂತಿದ್ದ. ಅವನ ಕಣ್ಣು ತುಂಬಿ ಬಂದಿತ್ತು.”

ಅಜ್ಜಿ ತಲೆ ಎತ್ತಿದರು.

“ಇದ್ನ ನಾನು ಯೋಳಿದ್ನಾ?”

“ಇಲ್ಲ ಅಜ್ಜಿ.”

“ನಿಮ್ಮಪ್ಪ ಬರೆದನಾ?”

“ಇಲ್ಲ. ನಾನು. ನಕಲು ಮಾಡೋವಾಗ ನಾನೇ ಸೇರಿಸ್ದೆ.”

ಕೊಟ್ಟಿಗೆಯ ಕಡೆಯಿಂದ ಶಿವಮ್ಮ ಹಬ್ಬಕ್ಕೆ ದನದ ಮೈ ತೊಳೆಯುತ್ತಿದ್ದ ನೀರಿನ ಸದ್ದು ಬರುತ್ತಿತ್ತು.

“ಅವನು ಅಳಲಿಲ್ಲ ಕಣ್ ಕೂಸೆ. ಗಾಡಿ ತಿರುಗೋಕೆ ಮುಂಚೇನೇ ಒಳೀಕೆ ಓಗ್ಬುಟ್ಟಿದ್ದ. ನಾನು ತಿರುಗಿ ತಿರುಗಿ ನೋಡ್ತಾನೇ ಇದ್ದೆ. ಬರೀ ಮಂಜು.”

“ಆ ಸಾಲು ಹೊಡೆದು ಹಾಕ್ಲಾ ಅಜ್ಜಿ?” ಅಚ್ಚಾಗಿ ಊರೆಲ್ಲ ಓದಿದ ಪತ್ರಿಕೆ. ಹೊಡೆದು ಹಾಕುತ್ತಾಳಂತೆ! ನನ್ನ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಸುತ್ತಿದರು. ಹಿತಕುವ ಬೆರಳುಗಳು, ಸುಮ್ಮನಿರಲು ಬಾರದು.

“ಬ್ಯಾಡ. ಇರ್ಲಿ ಬುಡು.” ಪತ್ರಿಕೆಯ ಕಡೆ ಕೈ ತೋರಿಸಿ, “ಅದೊಂದನ್ನ ಇನ್ನೊಂದ್ಸಲ ಓದು” ಎಂದರು.

ಓದಿದೆ. ಈ ಸಲ ನಿಧಾನವಾಗಿ ಓದಿದೆ. ಮುಗಿದ ಮೇಲೆ ಅವರು ಬಾವಿಕಟ್ಟೆಗೆ ಕೈ ಚಾಚಿ, ತಟ್ಟೆಯನ್ನು ಎಳೆದುಕೊಂಡು, ಪೊಟ್ಟಣ ಬಿಚ್ಚಿ ನಾಲ್ಕು ಕಾಳು ಎಳ್ಳು ಬಾಯಿಗೆ ಹಾಕಿಕೊಂಡರು. ಇದ್ದ ಏಳೆಂಟು ಹಲ್ಲಿನಲ್ಲಿ ಕೊಬ್ಬರಿಯನ್ನು ಬಹಳ ಹೊತ್ತು ಅಗಿದರು. ಆಮೇಲೆ ನನ್ನ ಭುಜ ಹಿಡಿದು ಎದ್ದು, ಕೂತಿದ್ದ ಮಣೆಯನ್ನು ಕಾಲಿನಿಂದ ನನ್ನ ಕಡೆ ಸರಿಸಿದರು.

“ಇದ ತಗಂಡೋಗಿ ನಿಮ್ಮವ್ವಂಗೆ ಕೊಡು. ನಾಳೀಕೆ ಕಾಳು ನೆನಾಕಿರು ಅನ್ನು. ಈ ಸಲ ಸಿಪ್ಪೇನ ಹಸೀಗೇ ಆಕು, ನಿಮ್ಮಪ್ಪಂಗಲ್ಲ.”

ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕಂಕುಳಲ್ಲಿ ಮಣೆ, ಕಾಲಿಗೆ ತೊಡರುವ ರೇಷ್ಮೆ ಲಂಗ, ಹೀಗೆ ನಾನು ಬೀದಿಗೆ ಬಂದಾಗ ರತ್ನಕ್ಕ ಬಾಗಿಲಲ್ಲಿದ್ದಳು. ಅವಳು ಮಣೆಯನ್ನು ನೋಡಿದಳು. ಅರ್ಧ ಗಂಟೆಯಲ್ಲಿ ಅವಳ ಮನೆಯ ಎಳ್ಳು ನಮ್ಮ ಮನೆಗೆ ಬಂತು. ಅಮ್ಮ ಮಾತ್ರ ಮಣೆಯನ್ನು ತೆಗೆದುಕೊಂಡಳು. ಗೋಡೆಯ ಆ ಬಿಳಿ ಚೌಕಕ್ಕೆ ಸರಿಯಾಗಿ ಹೊಂದಿಸಿ ಇಟ್ಟು, ಅಡುಗೆಮನೆಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡಳು. ಅಪ್ಪ ಬಚ್ಚಲುಮನೆಯಿಂದ, “ಏನಂತೆ?” ಎಂದು ಕೂಗಿದರು. “ಏನಿಲ್ಲ” ಎಂದೆ. ತಮ್ಮ ಬರಹ ಬೀದಿಯ ಹೆಂಗಸರನ್ನು ಒಂದುಗೂಡಿಸಿತೆಂದು ಅವರು ಕೊನೆಯವರೆಗೂ ನಂಬಿದ್ದರು. ಅದರಲ್ಲಿ ಉಳಿದ ಒಂದೇ ಸಾಲು ತಮ್ಮದಲ್ಲವೆಂದು ನಾನು ಅವರಿಗೆ ಹೇಳಲಿಲ್ಲ. ಅದು ನಿಜವೂ ಅಲ್ಲವೆಂದು ಹೇಳುವುದಂತೂ ದೂರವೇ ಉಳಿಯಿತು.

ಆಮೇಲಿನ ಚಳಿಗಾಲಗಳಲ್ಲಿ ಮೂಟೆ ಬಂದಾಗಲೆಲ್ಲ ಅಜ್ಜಿ ಕಾಳು ಹಿತಕುತ್ತ ಹೊಸ ಸೊಸೆಯಂದಿರಿಗೆ ಆ ಕತೆಯನ್ನು ತಾವೇ ಹೇಳುತ್ತಿದ್ದರು. ಮೊದಲ ವರ್ಷ ಅಣ್ಣ ದಾರಿಯಲ್ಲಿ ನಿಂತಿದ್ದ. ಮರುವರ್ಷ ಕಣ್ಣೊರೆಸಿಕೊಂಡ. ಹೇಳುವಾಗ ಅವರು ನನ್ನ ಕಡೆ ನೋಡುತ್ತಿರಲಿಲ್ಲ. ನಾನು ಬೋಗುಣಿಯಿಂದ ತಲೆ ಎತ್ತುತ್ತಿರಲಿಲ್ಲ.

ನಾನೀಗ ಮೈಸೂರಿನ ಗೋಕುಲ ಬಡಾವಣೆಯಲ್ಲಿದ್ದೇನೆ. ಯೋಗದ ಚಾಪೆ ಹೊತ್ತ ಪರದೇಶದವರು ಬೆಳಿಗ್ಗೆ ನಮ್ಮ ಗೇಟಿನ ಮುಂದೆ ನಿಂತು ನಾನು ಏನನ್ನು ಹಿಸುಕುತ್ತಿದ್ದೇನೆಂದು ಕುತೂಹಲದಿಂದ ನೋಡುತ್ತಾರೆ. ಅಂಗಡಿಯಲ್ಲಿ ಹಿತಕಿದ ಬೇಳೆಯೇ ಪ್ಯಾಕೆಟ್ಟಿನಲ್ಲಿ ಸಿಗುವಾಗ ಇದೆಲ್ಲ ಯಾಕಮ್ಮ ಎಂದು ಮನೆಯವರು ಗೊಣಗುತ್ತಾರೆ. ಹಿನಕಲ್ಲಿನ ನಮ್ಮ ಹಳೆಯ ಬೀದಿಯವರದೊಂದು ವಾಟ್ಸಾಪ್ ಗ್ರೂಪಿದೆ. ದಿನಕ್ಕೆ ನಲವತ್ತು ಶುಭೋದಯ, ಕರೆಂಟು ಹೋದರೆ ನಲವತ್ತು ‘ನಿಮ್ಮಲ್ಲೂ ಹೋಯ್ತಾ’. ಚಳಿ ಶುರುವಾದರೆ ತಪ್ಪದೆ ಬರುವುದು ‘ನಮ್ಮ ಬೀದಿಯ ಅವರೆ ಸಂಪ್ರದಾಯದ ಚರಿತ್ರೆ, ತಪ್ಪದೇ ಓದಿ, ಎಲ್ಲರಿಗೂ ಕಳಿಸಿ’. ಕಳಿಸುವವರು ಶಿವಮ್ಮನ ಮೊಮ್ಮಗಳು. ಈ ಸಲದ್ದರಲ್ಲಿ ಅಣ್ಣ ಮೂಟೆಯನ್ನು ತಲೆಯ ಮೇಲೆ ಹೊತ್ತು, ಅಳುತ್ತ, ತಂಗಿಯ ಜೊತೆ ಇಲವಾಲದಿಂದ ಹಿನಕಲ್ಲಿನ ತನಕ ನಡೆದೇ ಬಂದಿದ್ದಾನೆ. ಕೆಳಗೆ ಹದಿನೇಳು ಜನ ಕೈ ಮುಗಿದಿದ್ದಾರೆ. ‘ಇಂಥ ಅಣ್ಣ ಯಾರಿಗೆ ಸಿಗ್ತಾನೆ’ ಎಂದು ಒಬ್ಬಳು.

ನನಗೆ ರೇಗಿತು. ಗಾಡಿ ಎಲ್ಲಿ ಹೋಯಿತು? ಹೊತ್ತು ನಡೆಯಲು ಅದೇನು ಹೂವಿನ ಮೂಟೆಯೇ? ಒಂದು ಮಿತಿ ಬೇಡವೇ? ನೆನೆದ ಬೆರಳಿನಿಂದಲೇ ಫೋನು ತೆಗೆದುಕೊಂಡು ಟೈಪು ಮಾಡಿದೆ. ‘ಇದು ಸುಳ್ಳು. ಅವರ ಅಣ್ಣ ಅಳಲಿಲ್ಲ. ಅಳಿಸಿದವಳು ನಾನು.’ ಗಾಜಿನ ಮೇಲೆ ಅವರೆಯ ನೀರು ಹರಡಿ ಅಕ್ಷರಗಳು ದಪ್ಪಗೆ ಕಾಣುತ್ತಿದ್ದವು. ಸೆರಗಿನಿಂದ ಒರೆಸಿದೆ. ಇನ್ನೊಂದು ಸಲ ಓದಿಕೊಂಡೆ.

ಆಮೇಲೆ ಒಂದೊಂದೇ ಅಕ್ಷರ ಅಳಿಸಿ, ಹದಿನೆಂಟನೆಯವಳಾಗಿ ಕೈ ಮುಗಿದು, ಸಿಪ್ಪೆಯ ಬುಟ್ಟಿ ಎತ್ತಿಕೊಂಡು ಎದ್ದೆ. ಗೋಕುಲದಲ್ಲಿ ಹಸು ಎಲ್ಲಿಂದ ತರಲಿ? ಹಸಿ ಕಸದ ಬಕೆಟ್ಟಿಗೇ ಸುರಿದೆ.